ಲಾರ್ಜಾಕ್‌ನಲ್ಲಿ ಝರಿ ಎಲ್ಲಿಂದ ಬಂತು?

ಪ್ರಿಯರೆ,

ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಪ್ರಸ್ಥಭೂಮಿಯಲ್ಲಿರುವ ಲಾ ಕುವೆರ್ತ್ವಾರಾದ್ ಹಳ್ಳಿಯ ಮೇಲಿನ ನಿಮ್ಮ ಲೇಖನ ಓದಿದೆ. ಭಾಷೆಗೆ ಓಟವಿದೆ, ಊರಿನ ಆಯ್ಕೆಯೂ ಚೆನ್ನ. ಆದರೆ ಎರಡನೇ ಪ್ಯಾರಾ ತಲೆ ಕೆಡಿಸಿತು.

“ಟೆಂಪ್ಲರ್ ಯೋಧರು ಕಟ್ಟಿದ ಕೋಟೆಗೋಡೆಯ ಬುಡದಲ್ಲಿ ಝುಳುಝುಳು ಹರಿಯುವ ಝರಿ.” ಒಂದೇ ವಾಕ್ಯ, ಎರಡು ತಪ್ಪು.

ಮೊದಲು ಗೋಡೆ. ಟೆಂಪ್ಲರ್‌ಗಳು, ಅಂದರೆ ಕ್ರೂಸೇಡ್ ಕಾಲದ ಕ್ರೈಸ್ತ ಸನ್ಯಾಸಿ-ಯೋಧರ ಸಂಘದವರು, ಕಟ್ಟಿದ್ದು ಬಂಡೆಯ ಮೇಲಿನ ಕೋಟೆಮನೆಯನ್ನು, 12ನೇ ಶತಮಾನದಲ್ಲಿ. 1312ರಲ್ಲಿ ಪೋಪ್ ಐದನೇ ಕ್ಲೆಮೆಂಟ್ ಆ ಸಂಘವನ್ನೇ ರದ್ದು ಮಾಡಿ ಆಸ್ತಿಯನ್ನು ಅಂಥದೇ ಇನ್ನೊಂದು ಸಂಘವಾದ ಹಾಸ್ಪಿಟಲರ್‌ಗಳಿಗೆ ಕೊಟ್ಟರು. ಊರ ಸುತ್ತಲಿನ ಗೋಡೆ ಎತ್ತಿದವರು ಈ ಹಾಸ್ಪಿಟಲರ್‌ಗಳು, ಅದೂ 15ನೇ ಶತಮಾನದಲ್ಲಿ. ನೂರು ವರ್ಷಗಳ ಯುದ್ಧದ ಕೂಲಿಸೈನಿಕರು ಸಂಬಳವಿಲ್ಲದೆ ಹಳ್ಳಿ ಲೂಟಿಗೆ ಇಳಿದಿದ್ದ ಕಾಲ. ಟೆಂಪ್ಲರ್ ಹೆಸರು ಹಾಕಿದರೆ ಓದುಗರು ಬರುತ್ತಾರೆಂದು ಪ್ರವಾಸದ ಕರಪತ್ರದವರು ನಂಬಲಿ, ನಾವು ಬೇಡ.

ಇನ್ನು ಝರಿ. ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಊರಿನ ಲೇಖನ ಕೊಟ್ಟವರನ್ನು ಹಿರಿಯರು ಮೊದಲು ಕೇಳುತ್ತಿದ್ದುದು, “ಇಲ್ಲಿ ನೀರೆಲ್ಲಿಂದ?” ಲಾರ್ಜಾಕ್ ಸುಣ್ಣಕಲ್ಲಿನ ಪ್ರಸ್ಥಭೂಮಿ, ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಕೆಳಗಿನ ಕಣಿವೆಗಳಲ್ಲಿ ಹೊರಡುತ್ತದೆ. ಮೇಲೆ ಉಳಿಯುವುದು ಹಿಡಿದಿಟ್ಟಷ್ಟೇ. ಹಿಂದೆ ಜನರಿಗೆ ಮಾಡಿನಿಂದ ಇಳಿದು ತೊಟ್ಟಿಯಲ್ಲಿ ನಿಂತ ಮಳೆನೀರೇ. ಕುರಿಗಳಿಗೆ ಊರಾಚೆ ‘ಲಾವೋಞ್’, ಅಂದರೆ ತಟ್ಟೆಯಂತೆ ಇಳಿಜಾರಾದ ಗುಂಡನೆಯ ಹೊಂಡ. ತಳಕ್ಕೆ ಜೇಡಿಮಣ್ಣು ಬಡಿಯುತ್ತಾರೆ, ಅದರ ಮೇಲೆ ಕಲ್ಲು ಹಾಸುತ್ತಾರೆ. ಕಲ್ಲಿಲ್ಲದಿದ್ದರೆ ಗೊರಸು ಜೇಡಿಯನ್ನು ತುಳಿದು ಒಡೆಯುತ್ತದೆ, ನೀರು ಸೋರಿಹೋಗುತ್ತದೆ. ಇಳಿಜಾರು ಏಕೆಂದರೆ ನೀರು ಎಷ್ಟೇ ತಗ್ಗಿದರೂ ಕುರಿ ನಡೆದು ಹೋಗಿ ಕುಡಿಯಬೇಕು. ನೀವು ಇದನ್ನು “ಅಲಂಕಾರದ ಕೊಳ” ಎಂದು ದಾಟಿದ್ದೀರಿ. ರೋಕ್‌ಫೋರ್ ಚೀಸ್‌ನ ಹಾಲು ಕೊಡುವ ಕುರಿಗಳ ಸೀಮೆ ಇದು, ಸ್ವಾಮಿ!

“ಮರದ ತೊಲೆಗಳ ಮನೆಗಳು” ಎಂಬುದನ್ನೂ ತೆಗೆಯಿರಿ. ಪ್ರಸ್ಥಭೂಮಿಯ ಮೇಲೆ ದೊಡ್ಡ ಮರ ಅಪರೂಪ. ಅದಕ್ಕೇ ಮನೆಯ ನೆಲಮಹಡಿಗೆ ಕಲ್ಲಿನ ಕಮಾನು ಛಾವಣಿ, ಕಮಾನಿನ ಒತ್ತಡ ತಡೆಯಲು ದಪ್ಪ ಗೋಡೆ. ಹಿಂದೆ ಕೆಳಗೆ ಕುರಿ, ಮೇಲೆ ಜನ, ಹತ್ತಲು ಹೊರಗಿನ ಕಲ್ಲುಮೆಟ್ಟಿಲು. ಆ ಮೆಟ್ಟಿಲುಗಳ ಫೋಟೊ ಕಳಿಸಿದ್ದೀರಿ, ಅವು ಹೊರಗೇಕೆ ಇವೆ ಎಂದು ಒಂದು ಸಾಲೂ ಬರೆದಿಲ್ಲ.

ಗೋಡೆಯ ಕಾಲ ತಿದ್ದಿ, ಝರಿ ತೆಗೆದು ಲಾವೋಞ್‌ಗೆ ಒಂದು ಪೂರ್ತಿ ಪ್ಯಾರಾ ಕೊಟ್ಟು ಕಳಿಸಿ. ಸೂರ್ಯಾಸ್ತದ ಪ್ಯಾರಾವನ್ನು ನಾನೇ ಹೊಡೆದುಹಾಕಿದ್ದೇನೆ.