ಅಜ್ಜಿಮನೆ ಭರಣಿಯ ಉಪ್ಪುಸೊಳೆ ಮಳೆಗಾಲವಿಡೀ ಕೆಡದೆ ಉಳಿಯುತ್ತಿದ್ದುದು ಹೇಗೆ?

ಉಪ್ಪುಸೊಳೆ ಎಂದರೆ ಉಪ್ಪಿನಲ್ಲಿ ಹಾಕಿಟ್ಟ ಬಲಿತ ಹಲಸಿನಕಾಯಿಯ ಸೊಳೆ (ತೊಳೆ). ಅದನ್ನು ಕಾಯುವುದು ಹೇರಳ ಉಪ್ಪು, ಗಾಳಿ ತಾಗದ ಭರಣಿ: ಇಷ್ಟೇ. ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಆ ನೀರೇ ಗಾಢ ಉಪ್ಪುನೀರಾಗಿ ಸೊಳೆಯನ್ನು ಮುಳುಗಿಸುತ್ತದೆ. ಅಷ್ಟು ಉಪ್ಪಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು, ಗಾಳಿಯಿಲ್ಲದೆ ಬೂಷ್ಟೂ ಹಿಡಿಯದು.

ಕರಾವಳಿಯ ಮನೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲೇ ಇದನ್ನು ಹಾಕಿಡುತ್ತಾರೆ. ಜೂನ್ ಮಳೆ ಹಿಡಿದ ಮೇಲೆ ಹಿತ್ತಲಲ್ಲಿ ತರಕಾರಿ ಕಡಿಮೆ. ಹಲಸು ಚೆನ್ನಾಗಿ ಬಲಿತಿರಬೇಕು, ಆದರೆ ಹಣ್ಣಿನ ವಾಸನೆ ಬಂದಿರಬಾರದು. ಒಂದೇ ಒಂದು ಮೆತ್ತಗಾದ ಸೊಳೆ ಸೇರಿದರೂ ಅದು ಕರಗಿ ಸುತ್ತಲಿನದನ್ನೂ ಲೋಳೆ ಮಾಡುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿ ಬೇಳೆ (ಹಲಸಿನ ಬೀಜ), ನಾರು ತೆಗೆಯಿರಿ. ಸೊಳೆಯನ್ನು ತೊಳೆಯಬೇಡಿ. 10 ಕೆ.ಜಿ. ಸೊಳೆಗೆ ಸುಮಾರು ಒಂದೂವರೆಯಿಂದ 2 ಕೆ.ಜಿ. ಕಲ್ಲುಪ್ಪು, ಒಂದು ಪದರ ಸೊಳೆ, ಒಂದು ಪದರ ಉಪ್ಪು, ಕೊನೆಗೆ ಉಪ್ಪೇ ಮೇಲಿರಲಿ. ಬಾಳೆಲೆ ಮುಚ್ಚಿ ಭಾರದ ಕಲ್ಲು ಹೇರಿ. ಮೂರ್ನಾಲ್ಕು ದಿನದಲ್ಲಿ ನೀರು ಸೊಳೆಯ ಮೇಲಕ್ಕೆ ಬರಬೇಕು. ಬರದಿದ್ದರೆ ಭಾರ ಸಾಲದು. ಕೆಡುವುದೆಲ್ಲ ಹೆಚ್ಚಾಗಿ ಇಲ್ಲೇ, ಮತ್ತು ಒದ್ದೆ ಕೈ ಹಾಕುವವರಿಂದ.

ಬಳಸುವ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ. ಪಲ್ಯಕ್ಕಾಗಲಿ, ಅಕ್ಕಿ ಜೊತೆ ರುಬ್ಬಿದ ರೊಟ್ಟಿಗಾಗಲಿ, ಎಣ್ಣೆಯಲ್ಲಿ ಕರಿದ ಪುಟ್ಟ ಉಂಡೆಗಳಾದ ಉಂಡ್ಲಕಾಳಿಗಾಗಲಿ, ರುಚಿ ನೋಡುವ ಮೊದಲು ಮತ್ತೆ ಉಪ್ಪು ಹಾಕಬೇಡಿ.