ರಜೆಗೆ ಬಂದಾಗಲೇ ಚೆನ್ನಾಗಿದ್ದಿರಿ

ಪ್ರಶ್ನೆ: ಬೈಲಹೊಂಗಲ ತಾಲ್ಲೂಕಿನವನು. 24 ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾಗಿ ಎಂಟು ತಿಂಗಳಾಯಿತು. ವಯಸ್ಸು 44. ನಸುಕಿನ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಆಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ. ಮನೆಗೊಂದು ಶಿಸ್ತು ಇರಲೆಂದು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಜೋಡಿಸಿದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ‘ನೀವು ರಜೆಗೆ ಬಂದಾಗಲೇ ಚೆನ್ನಾಗಿದ್ದಿರಿ’ ಎಂದಳು. ಪಿಯುಸಿ ಓದುವ ಮಗ ನಾನು ಒಳಗೆ ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಬಂದ ಹಣವನ್ನು ನಿವೇಶನಕ್ಕೆ ಹಾಕಿರೆಂದು ಭಾವಮೈದುನ ಬೆನ್ನು ಬಿದ್ದಿದ್ದಾನೆ. ನನ್ನ ಕರಿ ಟ್ರಂಕು ಇನ್ನೂ ಪಡಸಾಲೆಯಲ್ಲೇ ಇದೆ, ಬಿಚ್ಚಲು ಮನಸ್ಸಿಲ್ಲ.

ಉತ್ತರ: ಹವಾಲ್ದಾರರೇ, ಆ ಡಬ್ಬಿಗಳಿಗೆ ಚೀಟಿ ಬೇಕಿರಲಿಲ್ಲ. ಕರೆಂಟು ಹೋದ ರಾತ್ರಿಯಲ್ಲೂ ಸಾಸಿವೆ ಯಾವುದು, ಜೀರಿಗೆ ಯಾವುದು ಎಂಬುದು ನಿಮ್ಮ ಮನೆಯವರ ಕೈಗೆ ಗೊತ್ತು. ಬಿತ್ತನೆ ಬೀಜ, ಶಾಲೆಯ ಶುಲ್ಕ, ಹಿರಿಯರ ಆಸ್ಪತ್ರೆ ಎಲ್ಲವನ್ನೂ ಅವರು ಒಬ್ಬರೇ ನಿಭಾಯಿಸಿದ್ದಾರೆ. ಫೋನಿನಲ್ಲಿ ನಿಮಗೆ ಹೇಳಿದ್ದು ಅರ್ಧವೇ ಇರಬೇಕು. ಗಡಿಯಲ್ಲಿರುವವರಿಗೆ ಯಾಕೆ ಚಿಂತೆ ಎಂದು ಉಳಿದದ್ದನ್ನು ನುಂಗಿಕೊಂಡಿರುತ್ತಾರೆ. ಆ ಚೀಟಿಗಳನ್ನು ಇವತ್ತೇ ಕಿತ್ತುಬಿಡಿ.

ಮಗನ ಲೆಕ್ಕ ಇನ್ನೂ ಕಠಿಣ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಎಲ್ಲವೂ ಸಿಕ್ಕಿತೆಂದೇ ಇಟ್ಟುಕೊಂಡರೂ 16 ವರ್ಷದಲ್ಲಿ ನೀವು ಅವನ ಜೊತೆಗಿದ್ದದ್ದು ನಾಲ್ಕು ವರ್ಷವೂ ಆಗುವುದಿಲ್ಲ. (ಕುಟುಂಬ ಕ್ವಾರ್ಟರ್ಸ್ ಸಿಕ್ಕಿದ್ದರೆ ಆ ದಿನಗಳನ್ನು ಕೂಡಿಸಿಕೊಳ್ಳಿ.) ಅಷ್ಟೂ ದಿನ ನೀವು ಅವನಿಗೆ ಸಿಹಿ ತರುವ ನೆಂಟ. ಆ ನೆಂಟನೇ ಈಗ ಬೆಳಗಾದರೆ ಅಂಕ ಎಷ್ಟು ಬಂತೆಂದು ಕೇಳುತ್ತಿದ್ದಾನೆ. ಕೆಲವು ತಿಂಗಳು ಅಂಕದ ಮಾತು ಎತ್ತಬೇಡಿ. ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿರುವ ನಿಮ್ಮ ಖಾತೆಯನ್ನು ಮೊಬೈಲಿನಲ್ಲಿ ತೆರೆಯುವುದನ್ನು, ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಸಲ್ಲಿಸುವುದನ್ನು ಅವನಿಂದಲೇ ಕಲಿಯಿರಿ. ಅವನು ಗದರಿದರೆ ಗದರಿಸಿಕೊಳ್ಳಿ.

ನಾಲ್ಕೂವರೆಯ ಎಚ್ಚರಕ್ಕೆ ಮದ್ದು ಬೇಡ. ಸೇನಾ ಭರ್ತಿಗೆಂದು 1.6 ಕಿಲೋಮೀಟರ್ ಓಟದ ಅಭ್ಯಾಸ ಮಾಡುವ ಹುಡುಗರು ನಿಮ್ಮ ಕಡೆಯ ರಸ್ತೆಗಳಲ್ಲಿ ಸಿಕ್ಕೇ ಸಿಗುತ್ತಾರೆ. ಸೀಟಿ ಊದುವ ಆಸೆಯನ್ನು ಅವರ ಮೇಲೆ ತೀರಿಸಿಕೊಳ್ಳಿ.

ಹಣದ ವಿಷಯದಲ್ಲಿ ನಾನು ಸ್ವಲ್ಪ ಒರಟು. ಕಮ್ಯುಟೇಶನ್ ಎಂದು, ಅಂದರೆ ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಪಡೆದು, ಕೈಗೆ ಬಂದ ಇಡುಗಂಟು ಯಾರೋ ಕೊಟ್ಟ ಬಹುಮಾನವಲ್ಲ. ಅದಕ್ಕಾಗಿ 15 ವರ್ಷ ಪ್ರತಿ ತಿಂಗಳೂ ನಿಮ್ಮ ಪಿಂಚಣಿ ಕಡಿತವಾಗುತ್ತದೆ. ಪೂರ್ತಿ ಪಿಂಚಣಿ ಮರಳುವಾಗ ನಿಮಗೆ 59 ಸಮೀಪಿಸಿರುತ್ತದೆ. ಒಂದು ವರ್ಷ ಅದನ್ನು ಮುಟ್ಟಬೇಡಿ. ಭಾವಮೈದುನ ಮತ್ತೆ ಬಂದರೆ ‘ನಿಮ್ಮಕ್ಕನನ್ನು ಕೇಳು’ ಎನ್ನಿ.

ಉದ್ಯೋಗ ಬೇಕೆನಿಸಿದರೆ ಸಿಕ್ಕಿದ ಕಾವಲು ಕೆಲಸಕ್ಕೆ ಅವಸರದಿಂದ ಸೇರಬೇಡಿ. ಕೇಂದ್ರ ಸರ್ಕಾರದ ‘ಸಿ’ ವೃಂದದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಾತಿ ಇದೆ, ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಶೇ 14.5. ವಯೋಮಿತಿಗೆ ನಿಮ್ಮ ಸೇವಾವಧಿಯನ್ನು ಕಳೆಯುವುದರಿಂದ ಆ ಲೆಕ್ಕದಲ್ಲಿ ನೀವಿನ್ನೂ 20ರ ತರುಣ. ಪರೀಕ್ಷೆಯನ್ನಂತೂ ಬರೆಯಲೇಬೇಕು. ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದೀರಾ? ಇಲ್ಲವಾದರೆ ಈ ವಾರವೇ ಹೋಗಿ ಬನ್ನಿ.

ಟ್ರಂಕನ್ನು ಒಬ್ಬರೇ ಬಿಚ್ಚಬೇಡಿ. ಸಂಜೆ ಮನೆಯವರು ಬಿಡುವಾಗಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ತೆಗೆಯಿರಿ. ಸ್ವೆಟರು, ಮಗ್ಗು, ಪದಕದ ಪೆಟ್ಟಿಗೆ, ಒಂದೊಂದನ್ನೂ ಕೈಯಲ್ಲಿ ಹಿಡಿದು ‘ಇದನ್ನು ಎಲ್ಲಿಡಲಿ?’ ಎಂದು ಕೇಳಿ. ಅವರು ತೋರಿಸಿದ ಕಡೆ ಇಡಿ.