ಓದುಗರ ಪ್ರಶ್ನೆ: ಹೋಮ್ ರನ್ ಅವರದ್ದಾ, ಮದ್ದಿನದ್ದಾ?

ಮಗನ ಮನೆಗೆಂದು ಸ್ಯಾನ್ ಹೋಸೆಗೆ ಬಂದಿದ್ದೇವೆ. ಮೊಮ್ಮಗನ ಜೊತೆ ಕೂತು ಬೇಸ್‌ಬಾಲ್ ನೋಡುತ್ತೇನೆ. ಇಲ್ಲಿ ಹೋಮ್ ರನ್ ದಾಖಲೆಯ ಆಟಗಾರ ಬ್ಯಾರಿ ಬಾಂಡ್ಸ್ ಹೆಸರೆತ್ತಿದರೆ ಸಾಕು, ಸ್ಟೀರಾಯ್ಡ್ ಮಾತು ಶುರು. ಚೆಂಡಿಗೆ ಬ್ಯಾಟ್ ತಾಗಿಸುವುದು ಕಣ್ಣಿನ ಕೆಲಸ ತಾನೇ? ಮದ್ದು ತಗೊಂಡರೆ ಟೈಮಿಂಗ್ ಬರುತ್ತದಾ?
– ಮೈಸೂರಿನ ಓದುಗರು

ಬರುವುದಿಲ್ಲ. ನನಗೆ ಎಷ್ಟು ಚುಚ್ಚಿದರೂ ಗಂಟೆಗೆ 150 ಕಿ.ಮೀ. ವೇಗದಲ್ಲಿ ಬರುವ ಚೆಂಡು ಕಾಣುವುದೇ ಇಲ್ಲ. ಆದರೆ ಮೊದಲೇ ಚೆನ್ನಾಗಿ ಹೊಡೆಯುವವನ ತೋಳಿಗೆ ಇನ್ನಷ್ಟು ಬಲ ಸಿಕ್ಕರೆ, ಮೈದಾನದ ಅಂಚಿನ ಗೋಡೆ ಹತ್ತಿರ ಕ್ಯಾಚ್ ಆಗಬೇಕಿದ್ದ ಚೆಂಡು ಗೋಡೆ ದಾಟುತ್ತದೆ, ನಮ್ಮ ಕ್ರಿಕೆಟ್ ಸಿಕ್ಸರ್ ಥರ. ಅದೇ ಹೋಮ್ ರನ್. ಅಷ್ಟೇ ವ್ಯತ್ಯಾಸ, ಆದರೆ ದಾಖಲೆ ಮುರಿಯಲು ಅಷ್ಟು ಸಾಕು. ಜೊತೆಗೆ, ಒಂದು ಸೀಸನ್‌ಗೆ ತಂಡಕ್ಕೆ 162 ಪಂದ್ಯ, ಅದೂ ಸುಮಾರು ಆರು ತಿಂಗಳಲ್ಲಿ. ನಿನ್ನೆಯ ಸುಸ್ತು ಇಳಿಯುವ ಮೊದಲೇ ಇವತ್ತಿನ ಆಟ. ಆ ಸುಸ್ತು ಬೇಗ ಇಳಿಯಲಿ ಅಂತ ಮದ್ದಿನ ಮೊರೆ ಹೋದವರೇ ಜಾಸ್ತಿ ಅನಿಸುತ್ತದೆ. ಚೆಂಡೆಸೆಯುವ ಪಿಚರ್‌ಗಳೂ ಸಿಕ್ಕಿಬಿದ್ದಿದ್ದಾರೆ, ಅವರೇನು ಹೋಮ್ ರನ್ ಹೊಡೆಯಬೇಕಿತ್ತಾ?

1998ರಲ್ಲಿ ಮಾರ್ಕ್ ಮೆಕ್‌ಗ್ವೈರ್ ಒಂದೇ ಸೀಸನ್‌ನ ಹೋಮ್ ರನ್ ದಾಖಲೆ ಮುರಿದಾಗ ಯಾರಿಗೂ ಅನುಮಾನವೇ ಬರಲಿಲ್ಲವೇ?
– ಧಾರವಾಡದ ಓದುಗರು

ಅನುಮಾನ ಏನು, ಬಾಟಲಿಯೇ ಕಣ್ಣಿಗೆ ಬಿದ್ದಿತ್ತು! ಆ ವರ್ಷ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿಗಾರರೊಬ್ಬರು ಮೆಕ್‌ಗ್ವೈರ್ ಲಾಕರ್‌ನಲ್ಲಿ 'ಆಂಡ್ರೊ' ಎಂಬ, ಮೈಯಲ್ಲಿ ಟೆಸ್ಟೊಸ್ಟೆರೋನ್ ಹಾರ್ಮೋನ್ ಆಗಿ ಬದಲಾಗುವ ಮದ್ದಿನ ಬಾಟಲಿ ಇರುವುದನ್ನು ಬರೆದರು. ಆಗ ಅದು ಅಂಗಡಿಯಲ್ಲೇ ಸಿಗುತ್ತಿತ್ತು. ಒಲಿಂಪಿಕ್ಸ್‌ನಲ್ಲಿ ನಿಷೇಧ ಇತ್ತು, ಅಮೆರಿಕನ್ ಫುಟ್‌ಬಾಲ್‌ನಲ್ಲೂ ಇತ್ತು, ಬೇಸ್‌ಬಾಲ್‌ನಲ್ಲಿ ಮಾತ್ರ ಇರಲಿಲ್ಲ. ತಮಾಷೆ ಅಂದ್ರೆ, ತಂಡದ ಮ್ಯಾನೇಜರ್ ಟೋನಿ ಲಾ ರುಸಾ ಸಿಟ್ಟಾದದ್ದು ಬಾಟಲಿ ಮೇಲಲ್ಲ, ವರದಿಗಾರನ ಮೇಲೆ.

ಕಾರಣ ಹುಡುಕಬೇಕಾದರೆ ನಾಲ್ಕು ವರ್ಷ ಹಿಂದೆ ಹೋಗಬೇಕು. 1994ರಲ್ಲಿ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಫೈನಲ್ ಸರಣಿಯೇ ರದ್ದಾಗಿ, ಜನ ಆಟದ ಮೇಲೆ ಮುನಿಸಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಮೆಕ್‌ಗ್ವೈರ್ ಮತ್ತು ಸ್ಯಾಮಿ ಸೋಸಾ ಇಬ್ಬರೂ ರೋಜರ್ ಮ್ಯಾರಿಸ್ 1961ರಲ್ಲಿ ಮಾಡಿದ್ದ 61 ಹೋಮ್ ರನ್‌ಗಳ ದಾಖಲೆಯ ಬೆನ್ನು ಬಿದ್ದು, ಒಬ್ಬ 70, ಇನ್ನೊಬ್ಬ 66 ಹೊಡೆದು ಮುಗಿಸಿದರು. ಸ್ಟೇಡಿಯಂ ತುಂಬಿತು. ತುಂಬಿದ ಗಲ್ಲಾಪೆಟ್ಟಿಗೆ ಮುಂದೆ ಕೂತವರು ಯಾಕೆ ಪ್ರಶ್ನೆ ಕೇಳ್ತಾರೆ? ಸ್ಟೀರಾಯ್ಡ್ ಬೇಡ ಅಂತ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಅಂದರೆ ಆಗಿನ ಕಮಿಷನರ್, 1991ರಲ್ಲೇ ಸುತ್ತೋಲೆ ಹೊರಡಿಸಿದ್ದರು. ಆದರೆ ಪರೀಕ್ಷೆಯೇ ಇಲ್ಲ! ಆಟಗಾರರ ಸಂಘ ಒಪ್ಪಲಿಲ್ಲ, ಮಾಲೀಕರು ಪಟ್ಟು ಹಿಡಿಯಲಿಲ್ಲ. 2003ರಲ್ಲಿ ಹೆಸರು ಹೊರಗೆ ಹೇಳದೆ ಸುಮ್ನೆ ಒಂದು ಸಮೀಕ್ಷೆ ಥರ ಪರೀಕ್ಷೆ ಮಾಡಿದಾಗ ಶೇ. 5ಕ್ಕಿಂತ ಹೆಚ್ಚು ಪಾಸಿಟಿವ್ ಬಂತು. ಆಮೇಲೇ ಶಿಕ್ಷೆಯ ಮಾತು. ಮೆಕ್‌ಗ್ವೈರ್ ಬಾಯಿಬಿಟ್ಟಿದ್ದು 2010ರಲ್ಲಿ.

ಬಾಲ್ಕೊ ಹಗರಣ ಅಂದರೆ ಏನು?
– ಬೆಂಗಳೂರಿನ ಓದುಗರು

ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಬರ್ಲಿಂಗೇಮ್‌ನಲ್ಲಿದ್ದ ಪುಟ್ಟ ಕಂಪನಿ. ನಡೆಸುತ್ತಿದ್ದವರು ವಿಕ್ಟರ್ ಕಾಂಟೆ. ಅಲ್ಲಿಂದ ಹೊರಬರುತ್ತಿದ್ದ 'ಕ್ಲಿಯರ್' ಎಂಬ ದ್ರವ ಯಾವ ಪರೀಕ್ಷೆಗೂ ಸಿಗುತ್ತಿರಲಿಲ್ಲ, ಯಾಕಂದ್ರೆ ಅಂಥದ್ದೊಂದು ಸ್ಟೀರಾಯ್ಡ್ ಇದೆ ಅಂತ ಲ್ಯಾಬ್‌ಗಳಿಗೆ ಗೊತ್ತೇ ಇರಲಿಲ್ಲ. 2003ರಲ್ಲಿ ಅಥ್ಲೆಟಿಕ್ಸ್ ಕೋಚ್ ಒಬ್ಬರು ಬಳಸಿದ ಸಿರಿಂಜ್ ಒಂದನ್ನು ಉದ್ದೀಪನ ಮದ್ದು ತಡೆಯುವ ಸಂಸ್ಥೆಗೆ ಕಳಿಸಿಕೊಟ್ಟರು. ಅದರಲ್ಲಿ ಅಂಟಿಕೊಂಡಿದ್ದ ಚೂರುಪಾರಿನಿಂದಲೇ ಲಾಸ್ ಏಂಜಲೀಸ್‌ನ ಲ್ಯಾಬ್‌ನಲ್ಲಿ ಡಾನ್ ಕ್ಯಾಟ್ಲಿನ್ ತಂಡ ಆ 'ಕ್ಲಿಯರ್' ಒಳಗಿನ ಸ್ಟೀರಾಯ್ಡ್ ಟಿಎಚ್‌ಜಿ ಪತ್ತೆ ಮಾಡಿತು. ಬಾಂಡ್ಸ್ ಹೆಸರು ಕೋರ್ಟ್ ಮೆಟ್ಟಿಲು ಹತ್ತಿದ್ದು ಇದೇ ಪ್ರಕರಣದಲ್ಲಿ. ಗೊತ್ತಿದ್ದು ಸ್ಟೀರಾಯ್ಡ್ ತಗೊಂಡಿಲ್ಲ ಅಂತ ಅವರ ವಾದ. ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪದಲ್ಲಿ ತಪ್ಪಿತಸ್ಥ ಅಂತ 2011ರಲ್ಲಿ ಬಂದ ತೀರ್ಪು 2015ರಲ್ಲಿ ಬಿದ್ದುಹೋಯಿತು.

ಹಾಗಾದರೆ 762 ಹೋಮ್ ರನ್ ಹೊಡೆದ ಬಾಂಡ್ಸ್‌ಗೆ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಯಾಕಿಲ್ಲ? ಮಗ ಬೇಡ ಅಂತಾನೆ, ಮೊಮ್ಮಗ ಬೇಕು ಅಂತಾನೆ.
– ಮತ್ತೆ ಅದೇ ಮೈಸೂರಿನ ಓದುಗರು

ನಾನು ಮೊಮ್ಮಗನ ಪಕ್ಷ. ಪತ್ರಕರ್ತರ ಮತ ಶೇ. 75 ಬೇಕು. ಹತ್ತನೇ ಮತ್ತು ಕೊನೇ ವರ್ಷ, 2022ರಲ್ಲಿ, ಅವರಿಗೆ ಬಂದದ್ದು ಶೇ. 66. ಸರಿ, ತಪ್ಪು ಮಾಡಿದ್ದರೆ ಬೇಡ ಅನ್ನಿ. ಆದರೆ ಆ ಕಾಲದುದ್ದಕ್ಕೂ ಆಟದ ಆಡಳಿತ ನಡೆಸಿದ ಕಮಿಷನರ್ ಬಡ್ ಸೆಲಿಗ್ 2017ರಲ್ಲೇ ಹಾರ ಹಾಕಿಸಿಕೊಂಡು ಒಳಗೆ ಹೋದರು! ಪರೀಕ್ಷೆ ತಂದಿದ್ದೂ ಅವರ ಕಾಲದಲ್ಲೇ, ನಿಜ. ತಡವಾಗಿ ತಂದಿದ್ದೂ ಅವರ ಕಾಲದಲ್ಲೇ ಅಲ್ವಾ? ಆಟಗಾರ ಹೊರಗೆ, ಯಜಮಾನ ಒಳಗೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ಹುಳುಕಡ್ಡಿ ಔಷಧಿ ಹಚ್ಚಿ ನಿಷೇಧಕ್ಕೊಳಗಾದ ಆಟಗಾರ ಯಾರು?
– ಶಿವಮೊಗ್ಗದ ಓದುಗರು

ಫರ್ನಾಂಡೊ ಟಾಟಿಸ್ ಜೂನಿಯರ್, ಸ್ಯಾನ್ ಡಿಯಾಗೊ ತಂಡ. 34 ಕೋಟಿ ಡಾಲರ್ ಒಪ್ಪಂದದ ಹುಡುಗ. 2022ರಲ್ಲಿ ಅವರ ಪರೀಕ್ಷೆಯಲ್ಲಿ ಕ್ಲೊಸ್ಟೆಬಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿಬಿತ್ತು. ಹುಳುಕಡ್ಡಿಗೆ ಹಚ್ಚಿದ್ದರಲ್ಲಿ ಇತ್ತು ಅಂದರು. ಆದರೆ ಮೈಯಲ್ಲಿ ಏನಿದೆಯೋ ಅದಕ್ಕೆ ಆಟಗಾರನೇ ಜವಾಬ್ದಾರ, ಹಾಗಾಗಿ ಸಂಬಳವಿಲ್ಲದೆ 80 ಪಂದ್ಯ ಹೊರಗೆ. ಎರಡನೇ ಸಲ ಆದರೆ 162, ಮೂರನೇ ಸಲ ಆಟವೇ ಬಂದ್. ಮರುವರ್ಷ ವಾಪಸ್ ಬಂದಾಗ ಶಿಕಾಗೊದಲ್ಲಿ ಪ್ರೇಕ್ಷಕರು ಸ್ಟೀರಾಯ್ಡ್ ಸ್ಟೀರಾಯ್ಡ್ ಅಂತ ಕೂಗಿದರು. ಟಾಟಿಸ್ ಆ ಕೂಗಿಗೇ ಕುಣಿದರು.